ಹೊಂಗೆ ಮರದ ಕೆಳಗಿನ ಮಣ್ಣು

ಇನ್ನಾಸಪ್ಪ ಆ ಮಾತು ತೆಗೆದದ್ದು ಊಟಕ್ಕೆ ಕೂತಾಗ. ಮುದ್ದೆ ಮುರಿದು ಸಾರಿಗೆ ಅದ್ದಿದವನು ಬಾಯಿಗಿಡದೆ ಕೈಯಲ್ಲೇ ಹಿಡಿದುಕೊಂಡ.

"ಸ್ಮಶಾನದಲ್ಲಿ ಜಾಗ ತಗೊಂಡೆ. ಈ ಸಲ ನವೆಂಬರಲ್ಲಿ ಸತ್ತೋರ ಹಬ್ಬ ಬರೋ ಹೊತ್ಗೆ ನಮ್ಮ ಮನೆತನದ ಗೋರಿ ಎದ್ದು ನಿಂತಿರ್ಬೇಕು. ಕರಿಕಲ್ಲಿಂದು. ರಸ್ತೆಗೋಗೋರು ಯಾರ್ದಪ್ಪ ಇದು ಅಂತ ನಿಂತು ಕೇಳ್ಬೇಕು."

ಸಾರಿನ ಸೌಟು ಹಿಡಿದು ನಿಂತಿದ್ದ ಲೂರ್ದಮ್ಮ ಗಂಡನ ಮುಖವನ್ನೇ ನೋಡಿದಳು. ಬದುಕಿರುವವರಿಗೆ ಮೂರು ಅಂತಸ್ತಿನ ಮನೆ ಕಟ್ಟಿಸಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ಸತ್ತ ಮೇಲಿನ ಮನೆಗೂ ಪಾಯ!

ಅದು ಎರಡು ಸಾವಿರದ ಎಂಟನೇ ಇಸವಿ, ಸೆಪ್ಟೆಂಬರ್ ತಿಂಗಳು. ಬಿಡದಿಯ ಕಡೆ ಕಾರ್ಖಾನೆಗಳು ಏಳುತ್ತಾ ಏಳುತ್ತಾ ಇವರ ಹಿಪ್ಪುನೇರಳೆ ತೋಟದ ತನಕ ಬಂದು, ತೋಟ ಹೋಗಿ, ಅದರ ಬದಲಿಗೆ ಬಂದ ದುಡ್ಡು ಮನೆಯಾಗಿ, ಕಾರಾಗಿ, ಇನ್ನಾಸಪ್ಪನ ಕೊರಳಲ್ಲಿ ಹಗ್ಗದಷ್ಟು ದಪ್ಪನೆಯ ಚೈನಾಗಿ ಕೂತಿತ್ತು. ಐವತ್ತು ಕ್ರೈಸ್ತ ಮನೆಗಳ ಊರು. ಮೊದಲೆಲ್ಲ ಅವನು ಎಲ್ಲರ ಜೊತೆ ಚರ್ಚಿನ ನೆಲದ ಮೇಲೆ ಕೂತು ಪೂಜೆ ಕೇಳುತ್ತಿದ್ದ. ಈಗ ಮುಂದಿನ ಸಾಲಿನಲ್ಲಿ ಅವನ ಹೆಸರು ಬರೆದ ಬೆಂಚಿದೆ. ಅವನೇ ಮಾಡಿಸಿಕೊಟ್ಟದ್ದು, ಅವನೇ ಕೂರುವುದು.

ಮೂಲೆಯಲ್ಲಿ ಮಣೆ ಹಾಕಿಕೊಂಡು ಉಣ್ಣುತ್ತಿದ್ದ ಅವನ ತಾಯಿ ಜ್ಞಾನಮ್ಮ ಕೇಳಿದಳು. ಡೈನಿಂಗ್ ಟೇಬಲ್ಲಿಗೆ ಆ ಮುದುಕಿ ಇನ್ನೂ ಒಗ್ಗಿರಲಿಲ್ಲ.

"ಯಾರಿಗ್ಲಾ ಗೋರಿ? ನಿಮ್ಮಪ್ಪನ ಗೋರಿ ಐತಲ್ಲ. ಮಣ್ಣೇ ಸಾಕು, ಕಲ್ಲು ಹೇರ್ಬ್ಯಾಡಿ ಅಂತ ಸಾಯೋ ಮುಂಚೆ ಕೈ ಹಿಡ್ಕೊಂಡು ಹೇಳ್ತು."

"ಅಪ್ಪನ್ ಕಾಲ ಬೇರೆ ಕಣವ್ವ. ಅಲ್ಲಿಂದ ಒಂದು ಹಿಡಿ ಮಣ್ಣು ತಂದು ಇಲ್ಲಿ ಹಾಕಿ ಹೆಸರು ಕೆತ್ತಿಸ್ತೀನಿ. ಆಮೇಲೆ ನಾವೆಲ್ಲ ಒಂದೇ ತಾವು. ನಿನ್ನೆಸ್ರೂ ಕೆತ್ತಿಸ್ತೀನಿ, ನಂದೂ ಕೆತ್ತಿಸ್ತೀನಿ."

"ಬದುಕಿರೋರ್ದಾ?" ಎಂದು ನಕ್ಕವಳು ಮಗಳು ಜೆಸಿಂತಾ. ರಾಮನಗರದಲ್ಲಿ ಡಿಗ್ರಿ ಓದುವ ಹುಡುಗಿ, ನಾಲಿಗೆಗೆ ಎಲುಬಿಲ್ಲ. "ತಾರೀಕಿಗೆ ಜಾಗ ಬಿಟ್ಟಿರು ಅಪ್ಪ, ಪೆನ್ಸಿಲಲ್ಲಿ ಬರ್ಕೊಳಣ."

"ಏಯ್, ಉಣ್ಣು ಸುಮ್ನೆ."

ಜ್ಞಾನಮ್ಮ ನಗಲಿಲ್ಲ. ಅವಳ ಗಂಡ ರಾಯಪ್ಪ ನಲವತ್ತು ವರ್ಷ ಆ ಊರಿನ ಉಪದೇಶಿಯಾಗಿದ್ದವನು. ಚರ್ಚಿನ ಸ್ವಾಮಿಗಳು ಬಾರದ ಭಾನುವಾರ ಬೈಬಲ್ ಓದಿ ಹೇಳುತ್ತಿದ್ದವನು ಅವನೇ. ಅದರಲ್ಲೂ ಪ್ರವಾದಿಗಳೆಂದರೆ ಅವನಿಗೆ ಪ್ರಾಣ. ಮನೆಗೆ ಮನೆ ಸೇರಿಸಿಕೊಳ್ಳುವವನ ಮೇಲೆ, ಬಡವನ ಪಾಲು ತಿಂದು ಮೆತ್ತನೆ ಹಾಸಿಗೆಯಲ್ಲಿ ಹೊರಳುವವನ ಮೇಲೆ ಅವರು ಹೇಗೆ ಬೆಂಕಿಯಾಗುತ್ತಿದ್ದರು ಎಂಬುದನ್ನು ರೇಷ್ಮೆ ಹುಳು ಮನೆಯಲ್ಲಿ ಸೊಪ್ಪು ಹಾಕುತ್ತಲೇ ಹೆಂಡತಿಗೆ ಹೇಳುತ್ತಿದ್ದ. ಓದು ಬರದ ಜ್ಞಾನಮ್ಮನಿಗೆ ಅದೆಲ್ಲ ಕಿವಿಯಲ್ಲೇ ಕೂತಿತ್ತು.

"ಒಂದು ಕತೆ ಐತೆ ಕಣ್ಲಾ, ಕೇಳು. ಅರಮನೇಲಿ ಒಬ್ಬ ದೊಡ್ಡ ಅಧಿಕಾರಿ ಇದ್ನಂತೆ. ಊರೆಲ್ಲ ಕಾಣೋ ಹಂಗೆ ಎತ್ತರದ ಬಂಡೇಲಿ ತನಗೆ ತಾನೇ ಗೋರಿ ಕೊರುಸ್ಕೊಂತಿದ್ನಂತೆ. ಪ್ರವಾದಿ ಸೀದಾ ಅಲ್ಲಿಗೇ ಬಂದು ಏನ್ ಕೇಳುದ್ನಂತೆ ಗೊತ್ತಾ? ಇಲ್ಲಿ ನಿಂಗೇನ್ ಕೆಲ್ಸ? ಇಲ್ಲಿ ನಿನ್ನೋರು ಯಾರವ್ರೆ?"

"ಆಮೇಲೆ?" ಎಂದಳು ಜೆಸಿಂತಾ.

"ಆಮೇಲೇನು. ದೇವ್ರು ಅವನ್ನ ಚೆಂಡಿನಂಗೆ ಸುತ್ತಿ ಬಯಲಿಗೆ ಎಸೀತೀನಿ ಅಂದ್ನಂತೆ. ನಿಮ್ ತಾತ ಹೇಳೋರು, ಯಾರಿಗಾದ್ರೂ ದುಡ್ಡು ಜಾಸ್ತಿಯಾಗಿ ಕಣ್ಣು ಮಂಜಾದ್ರೆ ಈ ಎರಡು ಮಾತು ಕೇಳಿ ನೋಡಿ ಅಂತ."

"ಕಣ್ಣು ಮಂಜಾಗಿದ್ದು ನಿಂಗೆ," ಎಂದ ಇನ್ನಾಸಪ್ಪ. "ಅದಕ್ಕೆ ಆಪರೇಷನ್ ಮಾಡ್ಸಿದ್ದು ಇದೇ ದುಡ್ಡು. ದಿಬ್ಬದ ಮೇಲೆ, ಹೊಂಗೆ ಮರದ ಕೆಳ್ಗೆ ಜಾಗ ಅಂದ್ರೆ ಸುಮ್ನೆ ಸಿಕ್ತದಾ? ಚರ್ಚ್ ಕಮಿಟಿಯೋರಿಗೆ ಎಷ್ಟು ಸಲ..."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಎಂಜಲು ಕೈಯಲ್ಲೇ ಎದ್ದು ಹೊರಗೆ ಹೋದ. ಜ್ಞಾನಮ್ಮ ಆಗಲೇ ತಟ್ಟೆ ಎತ್ತಿಕೊಂಡು ನಲ್ಲಿಯ ಕೆಳಗೆ ತೊಳೆಯುತ್ತಿದ್ದಳು. ಕೊನೆಯ ಮಾತು ಅವಳ ಕಿವಿಗೆ ಬೀಳಲಿಲ್ಲ.

ಬಿದ್ದದ್ದು ಲೂರ್ದಮ್ಮನ ಕಿವಿಗೆ. ಸೌಟು ಕೈಯಿಂದ ಜಾರಿ ಹೊಳೆಯುವ ಗ್ರಾನೈಟ್ ನೆಲದ ಮೇಲೆ ಸಾರೆಲ್ಲ ಚೆಲ್ಲಿತು.

ಹೊಂಗೆ ಮರದ ಕೆಳಗೆ ಅನ್ನಮ್ಮ ಇದ್ದಳು.

ಅನ್ನಮ್ಮ ಜ್ಞಾನಮ್ಮನ ಹಿರಿಮಗಳು, ಇನ್ನಾಸಪ್ಪನ ಅಕ್ಕ. ಅವನಿಗೆ ಎರಡು ವರ್ಷವಿದ್ದಾಗ ಅವಳಿಗೆ ಎಂಟು. ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದಳಂತೆ. ಒಂದು ದಿನ ಕೊಯ್ದ ಕಡ್ಡಿಯ ಚೂಪು ಕೂಳೆ ಬರಿಗಾಲಿಗೆ ಚುಚ್ಚಿತು. ಬೀಳುವಾಗಲೂ ಕೂಸನ್ನು ಮೇಲೆತ್ತಿ ಹಿಡಿದುಕೊಂಡೇ ಬಿದ್ದಳಂತೆ. ವಾರದೊಳಗೆ ಧನುರ್ವಾಯು ಏರಿ ಹೋಗಿಬಿಟ್ಟಳು. ಇದನ್ನೆಲ್ಲ ಅತ್ತೆ ಸೊಸೆಗೆ ಹೇಳಿದ್ದಳೇ ಹೊರತು, ಕೊರಗು ಹತ್ತೀತೆಂದು ಮಗನಿಗೆ ಹೇಳಿರಲಿಲ್ಲ. ಒಬ್ಬ ಅಕ್ಕ ಇದ್ದಳು, ಸತ್ತಳು ಎಂಬಷ್ಟೇ ಅವನಿಗೆ ಗೊತ್ತು.

ಗೋರಿ ಎಲ್ಲಿ ಎಂದು ಅವನಿಗೆ ಗೊತ್ತಿಲ್ಲದಿರಲು ಊರಿನ ಪದ್ಧತಿಯೂ ಕಾರಣ. ಅಲ್ಲಿ ಬಡವರ ಗೋರಿಗಳೆಲ್ಲ ಬರೀ ಮಣ್ಣಿನ ದಿಬ್ಬಗಳು. ಸತ್ತವರ ಹಬ್ಬದ ಹಿಂದಿನ ಸಂಜೆ ಮನೆಯವರು ಒಂದು ಮಂಕರಿ ಹೊಸ ಮಣ್ಣು ಹಾಕಿ, ಕೈಯಲ್ಲಿ ತಟ್ಟಿ, ಸುಣ್ಣದಲ್ಲಿ ಶಿಲುಬೆ ಬರೆಯಬೇಕು. ಮಕ್ಕಳ ಗೋರಿಗೆ ಹೆತ್ತ ತಾಯಿ ಮಾತ್ರ ಹೋಗುವುದು, ಇಲ್ಲವೇ ಅವಳು ಹೇಳಿ ಕಳಿಸಿದ ಹೆಂಗಸು. ಗಂಡಸರು ಆ ಕಡೆ ತಲೆ ಹಾಕುವುದಿಲ್ಲ. ಹಬ್ಬದ ಹೊರತು ಬೇರೆ ದಿನ ಹೆಂಗಸರೂ ಹೋಗುವುದಿಲ್ಲ. ಒಂದು ಹಬ್ಬಕ್ಕೆ ಮಣ್ಣು ಬೀಳದಿದ್ದರೆ ಮುಂದಿನ ಮಳೆಗೆ ದಿಬ್ಬ ಕರಗಿ ನೆಲಕ್ಕೆ ಸಮವಾಗುತ್ತದೆ. ಆಮೇಲೆ ಅದು ಯಾರದ್ದೂ ಅಲ್ಲ, ಕಮಿಟಿಯವರು ಇನ್ನೊಬ್ಬರಿಗೆ ಕೊಡಬಹುದು.

ಹೋದ ವರ್ಷ ಹಬ್ಬದ ಹೊತ್ತಿಗೆ ಜ್ಞಾನಮ್ಮನಿಗೆ ಕಣ್ಣಿನ ಆಪರೇಷನ್ ಆಗಿತ್ತು. ಹಸಿರು ಪಟ್ಟಿ ಕಟ್ಟಿಕೊಂಡು ಮಲಗಿದ್ದವಳು ಸೊಸೆಯ ಕೈ ಹಿಡಿದು, "ಒಂದೇ ಒಂದು ಮಂಕರಿ ಕಣವ್ವ ಲೂರ್ದು, ನೀನೇ ಹೋಗಿ ಹಾಕ್ಬುಟ್ಟು ಬಾ," ಎಂದಿದ್ದಳು. ಮನೆ ಆಶೀರ್ವಾದಕ್ಕೆ ಇನ್ನು ಮೂರೇ ದಿನ. ಲೂರ್ದಮ್ಮ ಆ ಸಂಜೆ ರಾಮನಗರದ ಬಟ್ಟೆ ಅಂಗಡಿಯಲ್ಲಿ ಬಂಧುಗಳಿಗೆ ಸೀರೆ ಆರಿಸುತ್ತಾ ಕೂತಳು. ಕತ್ತಲಾದ ಮೇಲೆ ಬಂದವಳನ್ನು ಮುದುಕಿ ಕೇಳಿದಾಗ ಬಾಯಿಗೆ ಬಂದದ್ದು ಒಂದೇ ಮಾತು: "ಹಾಕ್ದೆ ಅತ್ತೆ." ಜ್ಞಾನಮ್ಮ ತಡವರಿಸಿ ಅವಳ ಕೆನ್ನೆ ಮುಟ್ಟಿ ನೆಟಿಗೆ ತೆಗೆದಿದ್ದಳು. ಆ ಬೆರಳಿನ ಒರಟು ಈಗಲೂ ಕೆನ್ನೆಯ ಮೇಲಿತ್ತು.

ಮಾರನೆಯ ಬೆಳಿಗ್ಗೆ ಇನ್ನಾಸಪ್ಪ ಕಾರು ಒರೆಸುತ್ತಿದ್ದಾಗ ಲೂರ್ದಮ್ಮ ಕಾಫಿ ಹಿಡಿದು ಹೋದಳು.

"ರೀ, ಆ ಹೊಂಗೆ ಮರದ ತಾವು ಜಾಗ ಖಾಲಿ ಅಲ್ವೇನೋ ಅನ್ಸುತ್ತೆ."

"ಯಾರ್ ಹೇಳಿದ್ದು?"

"ಅತ್ತೆ ಆ ಕಡೆ ಎಲ್ಲೋ ಮೇಣದಬತ್ತಿ ಹಚ್ತಿದ್ರು..."

"ಅವ್ವ ಸ್ಮಶಾನ್ದಲ್ಲಿರೋ ಕಲ್ಲಿಗೆಲ್ಲ ಹಚ್ತದೆ. ನಾನೇ ನೋಡ್ಕೊಂಡು ಬಂದಿವ್ನಿ, ತಟ್ಟೆ ಇಟ್ಟಂಗೆ ಐತೆ ನೆಲ. ಕಮಿಟಿಗೆ ಬಾಂಡ್ ಪೇಪರಲ್ಲಿ ಬರ್ಕೊಟ್ಟಿವ್ನಿ, ವಾರಸುದಾರ್ರು ಇರೋ ಗೋರಿ ಒಂದೂ ಇಲ್ಲ ಅಂತ. ನಿಂಗ್ಯಾಕೆ ಅದೆಲ್ಲ?"

ಮುಂದಕ್ಕೆ ಮಾತಾಡಿದರೆ ನೆಲ ಯಾಕೆ ತಟ್ಟೆಯಂತಾಯಿತು ಎಂಬುದನ್ನೂ ಹೇಳಬೇಕು. ಲೂರ್ದಮ್ಮ ಲೋಟ ತೆಗೆದುಕೊಂಡು ಒಳಗೆ ಬಂದಳು. ಮರದ ಆ ಮಗ್ಗುಲಿರಬಹುದು, ಈ ಮಗ್ಗುಲಿರಬಹುದು ಎಂದು ತನಗೆ ತಾನೇ ಹೇಳಿಕೊಂಡಳು. ನಾಳೆ ಹೇಳಿದರಾಯಿತು ಅಂದುಕೊಂಡಳು. ಹೀಗೆ ನಾಳೆ ನಾಳೆ ಎನ್ನುವಷ್ಟರಲ್ಲಿ ಜೆಸಿಬಿ ಬಂದು ಹೋಗಿಯೂ ಆಯಿತು.

ಅಕ್ಟೋಬರ್ ಮೊದಲ ವಾರ ಮನೆ ಮುಂದೆ ಕೆಂಪು ಮಣ್ಣು ಬಂದು ಬಿತ್ತು. ಗೇಟಿನಿಂದ ಮೆಟ್ಟಿಲ ತನಕ ಗುಲಾಬಿ ಪಾತಿ ಮಾಡಬೇಕೆಂದು ಇನ್ನಾಸಪ್ಪನ ಆಸೆ. ಹಬ್ಬಕ್ಕೆ ಊರಿಗೆಲ್ಲ ಊಟ ಹೇಳಿದ್ದ, ಬಂದವರ ಕಣ್ಣಿಗೆ ಹೂ ಬೀಳಬೇಕು. ಲೂರ್ದಮ್ಮನೇ ಕೂತು ಗಿಡ ನೆಟ್ಟಳು. ಗಾಜಿನ ಬಳೆಯೊಂದು ಬೆರಳಿಗೆ ಸಿಕ್ಕಿತು. ಹಸಿರು, ಒಡೆದಿರಲಿಲ್ಲ. ತೊಳೆದು ಅಡಿಗೆ ಮನೆಯ ಕಿಟಕಿಯಲ್ಲಿಟ್ಟಳು.

"ಯಾರ್ದಮ್ಮ ಇದು? ನನ್ನ ಕೈಗೆ ಹಾಕಿದ್ರೆ ಬೆರಳ ಗೆಣ್ಣೂ ದಾಟಲ್ಲ," ಎಂದಳು ಜೆಸಿಂತಾ.

"ಯಾವ್ದೋ ಮಗೀದು. ಮಣ್ಣಲ್ಲಿತ್ತು."

ಎರಡು ವಾರ ಆ ಬಳೆ ಅಲ್ಲೇ ಇತ್ತು. ಲೂರ್ದಮ್ಮ ದಿನಾ ಅದರ ಎದುರಿಗೆ ಮುದ್ದೆ ತಿರುವಿದಳು, ಸೊಪ್ಪು ಸೋಸಿದಳು.

ಹಬ್ಬಕ್ಕೆ ಹತ್ತು ದಿನವಿದ್ದಾಗ ಮನೆಯನ್ನೂ ಗೋರಿಯನ್ನೂ ಕಟ್ಟಿದ ಮೇಸ್ತ್ರಿ ವೆಂಕಟಯ್ಯ ಬಂದ. ಯಜಮಾನ ಇರಲಿಲ್ಲ. ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಾ ಪಾತಿಯ ಕಡೆ ನೋಡಿದ.

"ಗಿಡ ಚೆನ್ನಾಗಿ ಹಿಡ್ಕೊಂಡವೆ ಕಣಮ್ಮ. ಹಿಡೀದೆ ಏನು, ಒಳ್ಳೆ ದಿಬ್ಬದ ಮಣ್ಣು."

"ಯಾವ ದಿಬ್ಬ?"

"ಅದೇ, ನಿಮ್ ಗೋರಿಗೆ ಪಾಯ ತೆಗೆದ್ವಲ್ಲ, ಹೊಂಗೆ ಮರದ ತಾವು. ಒಂದು ಟ್ರಾಕ್ಟರ್ ಮಣ್ಣು ಬಂತು. ಯಾಕೆ ದಂಡ ಮಾಡೋದು ಅಂತ ಇಲ್ಲಿಗೇ ಹೊಡಿಸ್ದೆ."

ಲೂರ್ದಮ್ಮ ಕಂಬ ಹಿಡಿದುಕೊಂಡಳು. ಅವಳ ಮುಖ ನೋಡಿ ವೆಂಕಟಯ್ಯ ಲೋಟ ಕೆಳಗಿಟ್ಟ.

"ಸ್ಮಶಾನದ್ದು ಅಂತ ಬೇಜಾರಾಯ್ತಾ? ಯಜಮಾನ್ರೇ ಅಂದ್ರಮ್ಮ, ಯಾರ್ನೂ ಮಡಗದ ಖಾಲಿ ಜಾಗ, ಕನ್ನೆ ನೆಲ ಅಂತ. ಇಲ್ದಿದ್ರೆ ತರ್ತಿದ್ನಾ? ನಂಗೂ ಹೆಣ್ಮಕ್ಕಳವ್ರೆ."

ಅವನು ಹೋದದ್ದು ಅವಳಿಗೆ ಗೊತ್ತಾಗಲಿಲ್ಲ. ಕೈಗಳನ್ನು ನೋಡಿಕೊಂಡಳು. ಅಯ್ಯೋ ದೇವರೇ, ಈ ಕೈಯಲ್ಲೇ ಆ ಮಣ್ಣು ಪುಡಿ ಮಾಡಿದ್ದು, ಈ ಕೈಯಲ್ಲೇ ಗೊಬ್ಬರ ಬೆರೆಸಿದ್ದು! ಒಂದು ಮಂಕರಿ ಹಾಕು ಎಂದರೆ ಹಾಕಲಿಲ್ಲ, ಈಗ ಟ್ರಾಕ್ಟರು ತುಂಬ ಬಾಗಿಲಿಗೇ ಬಂದು ಬಿದ್ದಿದೆ. ಒಳಗೆ ಓಡಿ ಕಿಟಕಿಯ ಬಳೆ ತೆಗೆದು ರಾಗಿ ಹಿಟ್ಟಿನ ಡಬ್ಬದೊಳಗೆ ಹುದುಗಿಸಿದಳು. ಆ ದಿನ ಪಾತಿಗೆ ನೀರು ಹಾಕಲು ಹೋಗಿ, ಹಾಕುವುದೋ ಬಿಡುವುದೋ ತಿಳಿಯದೆ, ಪೈಪು ಹಿಡಿದು ನಿಂತೇ ಇದ್ದಳು.

ಮೂರು ದಿನ ಅವಳು ಸರಿಯಾಗಿ ಉಣ್ಣದ್ದನ್ನು ಕಂಡು ಜೆಸಿಂತಾ ಬಾಯಿ ಬಿಡಿಸಿದಳು. ಕೇಳಿ ಆ ಹುಡುಗಿಯ ಮುಖವೂ ಸುಣ್ಣವಾಯಿತು.

"ಅಮ್ಮ, ಅಜ್ಜಿಗೆ ಹೇಳು."

"ಹೇಳಿದ್ರೆ ಅಲ್ಲೇ ಕುಸಿದುಬೀಳ್ತಾರೆ ಕಣೇ."

"ಹೇಳ್ದೆ ಇದ್ರೆ ಹಬ್ಬದ ದಿನ ಅಲ್ಲಿ ಹೋಗಿ ಹುಡುಕ್ತಾರೆ. ಅದು ಸರೀನಾ?"

"ನಿಮ್ಮಪ್ಪಂಗೆ..."

"ಅಪ್ಪಂಗೂ ಹೇಳು. ಸೈನ್ ಹಾಕಿದ್ದು ಅಪ್ಪ, ಸುಳ್ಳು ಹೇಳಿದ್ದು ನೀನು. ನಾನ್ ಹೇಳಲ್ಲ."

ಹಬ್ಬದ ಹಿಂದಿನ ಸಂಜೆ ಜ್ಞಾನಮ್ಮ ಮಂಕರಿ ಹುಡುಕಿಕೊಂಡು ಹಿತ್ತಿಲಿಂದ ಬಂದಳು. ಈ ಸಲ ಕಣ್ಣು ಚೆನ್ನಾಗಿದೆ, ತಾನೇ ಹೋಗುತ್ತೇನೆ ಎಂದಳು. ಇನ್ನಾಸಪ್ಪ ಗೇಟಿನಲ್ಲೇ ತಡೆದ.

"ಮಂಕರಿ ಹೊತ್ಕೊಂಡು ಬೀದೀಲಿ ಹೋಯ್ತೀಯಾ? ನನ್ ಮರ್ವಾದೆ ಏನಾಗ್ಬೇಕವ್ವ? ನಾಳೆ ಕಾರಲ್ಲಿ ಹೋಗುವ, ಹೂವು ತರಿಸಿವ್ನಿ, ದೊಡ್ ದೊಡ್ ಹಾರ."

"ಹಾರ ನಿಮ್ಮಪ್ಪಂಗೆ ಹಾಕು. ನಂದು ಬೇರೆ ಕೆಲ್ಸ ಐತೆ ಕಣ್ಲಾ. ಒಸಿ ಮಣ್ಣು, ಒಸಿ ಸುಣ್ಣ, ಅಷ್ಟೇಯ."

"ಕೂಲಿಯೋರು ಹಾಕ್ತಾರೆ ಬುಡು."

"ಕೂಲಿಯೋರು ಹಾಕಿದ್ರೆ ಆಯ್ತದೇನ್ಲಾ?" ಎಂದು ಮುದುಕಿ ಕೂಗಾಡಿದಳು. ಮಗ ಮಂಕರಿ ಕಿತ್ತುಕೊಂಡು ಕಾರ್ ಶೆಡ್ಡಿನಲ್ಲಿ ಹಾಕಿ ಬೀಗ ಜಡಿದ. ಲೂರ್ದಮ್ಮ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಈಗ ಹೇಳು, ಈಗ ಹೇಳು ಎಂದು ಮಗಳ ಕಣ್ಣು ಚುಚ್ಚುತ್ತಿತ್ತು. ಅವಳು ತಿರುಗಿ ಅಡಿಗೆ ಮನೆಗೆ ಹೋದಳು.

ಹಬ್ಬದ ಬೆಳಿಗ್ಗೆ ಪೂಜೆ ಮುಗಿಸಿ ಇಡೀ ಊರು ಸ್ವಾಮಿಗಳ ಹಿಂದೆ ಸ್ಮಶಾನಕ್ಕೆ ಬಂತು. ಕರಿಕಲ್ಲಿನ ಗೋರಿ ದಿಬ್ಬದ ಮೇಲೆ ಮಿರಮಿರ ಮಿಂಚುತ್ತಿತ್ತು. ಕಾಲಿಟ್ಟರೆ ಮುಖ ಕಾಣುವಂಥ ಹಾಸುಗಲ್ಲು. ಅದರ ಮೇಲೆ ಚಿನ್ನದ ಬಣ್ಣದಲ್ಲಿ ಮೂರು ಹೆಸರು, ಎಲ್ಲಕ್ಕಿಂತ ದಪ್ಪಕ್ಷರದಲ್ಲಿ ಇನ್ನಾಸಪ್ಪನದು. ಜನ ಅಬ್ಬಬ್ಬಾ ಎಂದರು. ಇನ್ನಾಸಪ್ಪ ಕೈಮುಗಿದು ನಕ್ಕ.

ಜ್ಞಾನಮ್ಮ ಗೋರಿಯ ಕಡೆ ನೋಡಲಿಲ್ಲ. ಮರ ನೋಡಿದಳು. ಮರದ ಬುಡದಿಂದ ಹೆಜ್ಜೆ ಎಣಿಸಿಕೊಂಡು ಬಂದಳು. ಒಂದು, ಎರಡು, ಮೂರು, ನಾಲ್ಕು. ಐದನೆಯ ಹೆಜ್ಜೆಗೆ ಬರಿಗಾಲು ತಣ್ಣನೆಯ ಕಲ್ಲಿಗೆ ತಾಗಿತು. ವಾಪಸ್ಸು ಮರದ ತನಕ ಹೋಗಿ ಮತ್ತೆ ಎಣಿಸಿಕೊಂಡು ಬಂದಳು. ಸೆರಗಿನ ಗಂಟಿನಲ್ಲಿದ್ದ ಸುಣ್ಣದ ಪೊಟ್ಟಣವನ್ನು ಕೈಗೆ ತೆಗೆದುಕೊಂಡಳು.

"ಲೂರ್ದು," ಎಂದಳು. "ಹೋದೊರ್ಸ ಮಣ್ಣು ಹಾಕಿದ್ಯಲ್ಲವ್ವ, ಎಲ್ಲಾಕಿದ್ದೆ ತೋರ್ಸು."

ಜನರ ಗುಜುಗುಜು ನಿಂತಿತು. ಲೂರ್ದಮ್ಮ ಮುಂದೆ ಬಂದಳು.

"ಹಾಕ್ಲಿಲ್ಲ ಅತ್ತೆ. ಸುಳ್ಳು ಹೇಳ್ಬಿಟ್ಟೆ. ಸೀರೆ ತರೋಕೆ ಹೋಗಿದ್ದೆ." ಮುಂದಿನದನ್ನು ಹೇಳಲಾಗದೆ ಸೆರಗಿನಿಂದ ಬಳೆ ತೆಗೆದು ಅಂಗೈ ಬಿಚ್ಚಿದಳು. ಹಸಿರು ಗಾಜಿಗೆ ರಾಗಿ ಹಿಟ್ಟು ಇನ್ನೂ ಅಂಟಿಕೊಂಡಿತ್ತು.

ಜ್ಞಾನಮ್ಮ ಬಳೆ ತೆಗೆದುಕೊಂಡು ಕಣ್ಣ ಹತ್ತಿರ ಹಿಡಿದಳು. ಅಳಲಿಲ್ಲ.

"ಎಲ್ಸಿಕ್ತು?"

"ನಮ್ಮನೆ ಮುಂದೆ. ಗುಲಾಬಿ ಪಾತೀಲಿ. ಇಲ್ಲಿಂದ ತೆಗೆದ ಮಣ್ಣೆಲ್ಲ ಅಲ್ಲೈತೆ."

"ಏನಿದು? ಯಾರ್ ಬಳೆ?" ಎಂದು ಮುಂದೆ ಬಂದ ಇನ್ನಾಸಪ್ಪ.

"ಅಪ್ಪ, ನಿಮ್ಮಕ್ಕಂದು," ಎಂದಳು ಜೆಸಿಂತಾ. "ಇಲ್ಲೇ ಹೂಣಿದ್ರಂತೆ. ವಾರಸುದಾರ್ರು ಇಲ್ಲ ಅಂತ ನೀನು ಬರ್ಕೊಟ್ಯಲ್ಲ, ಅದೇ ಗೋರಿ."

ಇನ್ನಾಸಪ್ಪ ಕಾಲ ಕೆಳಗಿನ ಕಲ್ಲು ಸುಟ್ಟಿತೇನೋ ಎಂಬಂತೆ ಹಿಂದಕ್ಕೆ ಸರಿದ. ಸ್ವಾಮಿಗಳ ಕೈಯಲ್ಲಿದ್ದ ತೀರ್ಥದ ಪಾತ್ರೆ ಹಾಗೇ ಇತ್ತು. ಜ್ಞಾನಮ್ಮ ಯಾರನ್ನೂ ಕಾಯದೆ ದಿಬ್ಬ ಇಳಿದು ಮನೆಯ ಕಡೆ ನಡೆದಳು. ಕಾರು ಪಕ್ಕದಲ್ಲಿ ನಿಂತರೂ ಹತ್ತಲಿಲ್ಲ.

ಮನೆ ಮುಂದೆ ಶಾಮಿಯಾನ, ದೊಡ್ಡ ಹಂಡೆಗಳಲ್ಲಿ ಮಟನ್ ಕುದಿಯುವ ಘಮ. ಮುದುಕಿ ಅದನ್ನೆಲ್ಲ ದಾಟಿ ಗುಲಾಬಿ ಪಾತಿಯ ಪಕ್ಕ ನೆಲದ ಮೇಲೆ ಕೂತಳು. ಸೆರಗಿನಿಂದ ಮೇಣದಬತ್ತಿ ತೆಗೆದು ಪಾತಿಯೊಳಗೆ ನೆಟ್ಟು ಹಚ್ಚಿದಳು. ಊಟಕ್ಕೆಂದು ಬಂದ ಜನ ಗೇಟಿನ ಹೊರಗೇ ನಿಂತರು. ಇನ್ನಾಸಪ್ಪ ಎದುರಿಗೆ ಬಂದು ನಿಂತಾಗ ತಲೆಯೆತ್ತಿದಳು.

"ನಿಮ್ಮಕ್ಕ ಹೊಸಮನೆ ನೋಡಕ್ಕೆ ಬಂದವ್ಳೆ ಕಣ್ಲಾ. ತಿಂಗಳಿಂದ ಬಾಗಿಲಲ್ಲೇ ಅವ್ಳೆ. ಒಳಿಕ್ಕೆ ಕರೀಲಿಲ್ವಲ್ಲೋ."

"ಅವ್ವ, ನಂಗೆ ಗೊತ್ತಿರ್ಲಿಲ್ಲ..."

"ಹೆಂಗೆ ಗೊತ್ತಾದದು? ನೀನು ಅವ್ಳ ಸೊಂಟದ ಮೇಲಿದ್ದೆ. ಕೂಳೆ ಚುಚ್ಚಿ ಬಿದ್ರೂ ನಿನ್ನ ನೆಲಕ್ಕೆ ಬುಡಲಿಲ್ಲ ಕಣ್ಲಾ ಅವ್ಳು."

ಆ ಮಾತಿಗೆ ಇನ್ನಾಸಪ್ಪ ಗೇಟಿನ ಕಂಬಿ ಹಿಡಿದು ಕುಸಿದ. ನಲವತ್ತೈದು ವರ್ಷದ ಗಂಡಸು, ಇಡೀ ಊರಿನ ಎದುರಿಗೆ, ಎಳೆ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ಲೂರ್ದಮ್ಮನಿಗೆ ಅವನ ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಒಳಗಿನಿಂದ ಶೆಡ್ಡಿನ ಬೀಗದ ಕೈ ತಂದು ಬಾಗಿಲು ತೆಗೆದು, ಮಂಕರಿಯನ್ನು ಅವನ ಮುಂದಿಟ್ಟಳು. ಅಷ್ಟೇ ಅವಳಿಗೆ ತೋಚಿದ್ದು.

ಅವನು ಎದ್ದ. ಗುಲಾಬಿ ಗಿಡಗಳನ್ನು ಒಂದೊಂದಾಗಿ ಕಿತ್ತು ಪಕ್ಕಕ್ಕಿಟ್ಟ. ಗುದ್ದಲಿ ಮುಟ್ಟದೆ ಕೈಯಲ್ಲೇ ಮಣ್ಣು ಬಾಚಿ ತುಂಬಿ, ಬಿಳಿ ರೇಷ್ಮೆ ಶರ್ಟಿನ ಹೆಗಲ ಮೇಲೆ ಕೆಂಪು ಸುರಿಯುತ್ತಿದ್ದಂತೆ ಮಂಕರಿ ತಲೆಗೇರಿಸಿಕೊಂಡು ಬೀದಿಯಲ್ಲಿ ನಡೆದ. ಲೂರ್ದಮ್ಮ ಅನ್ನದ ಬೇಸಿನ್ ಖಾಲಿ ಮಾಡಿ ಅದರಲ್ಲಿ ತುಂಬಿಕೊಂಡು ಹಿಂದೆ ಹೋದಳು, ಅವಳ ಹಿಂದೆ ಜೆಸಿಂತಾ. ಹೋಗಿ ಬಂದು, ಹೋಗಿ ಬಂದು, ಮಧ್ಯಾಹ್ನ ಇಳಿಯಿತು. ಊಟಕ್ಕೆ ಬಂದವರಲ್ಲೂ ಕೆಲವರು ಕೈಗೆ ಸಿಕ್ಕಿದ್ದರಲ್ಲಿ ಮಣ್ಣು ಹೊತ್ತರು. ಮಟನ್ ಹಂಡೆಯಲ್ಲೇ ತಣ್ಣಗಾಯಿತು.

ಮಣ್ಣನ್ನು ಎಲ್ಲಿ ಸುರಿಯಬೇಕೆಂದು ಯಾರೂ ಕೇಳಲಿಲ್ಲ. ಜ್ಞಾನಮ್ಮ ಮರದಿಂದ ಐದು ಹೆಜ್ಜೆ ಎಣಿಸಿ ತೋರಿಸಿದ್ದಳು. ಅದು ಸರಿಯಾಗಿ ಕರಿಕಲ್ಲಿನ ನಡುಮಧ್ಯ. ಚಿನ್ನದ ಅಕ್ಷರಗಳಲ್ಲಿ ಮೊದಲು ಮುಚ್ಚಿಹೋದದ್ದು ಇನ್ನಾಸಪ್ಪನ ಹೆಸರು.

ಮುದುಕಿ ಮಂಡಿಯೂರಿ ಕೂತು ಬಳೆಯನ್ನು ಮಣ್ಣೊಳಗಿಟ್ಟಳು. ಅಂಗೈಯಿಂದ ಮೆಲ್ಲಗೆ ತಟ್ಟಿ ದಿಬ್ಬ ಮಾಡಿದಳು. ಸೊಸೆಯ ಕೈ ಹಿಡಿದು ಎಳೆದು, "ನೀನೂ ತಟ್ಟು," ಎಂದಳು. ಅದು ಕ್ಷಮೆಯೋ ಶಿಕ್ಷೆಯೋ ಲೂರ್ದಮ್ಮನಿಗೆ ತಿಳಿಯಲಿಲ್ಲ. ಅಳುತ್ತಾ ತಟ್ಟಿದಳು. ಜ್ಞಾನಮ್ಮ ಸುಣ್ಣದಲ್ಲಿ ಶಿಲುಬೆ ಬರೆದು ಮುಗಿಸಿ, ದೂರದಲ್ಲಿ ಮೈಯೆಲ್ಲ ಮಣ್ಣಾಗಿ ನಿಂತಿದ್ದ ಮಗನ ಕಡೆ ತಿರುಗಿದಳು.

"ಅವತ್ತು ಕೇಳಿದ್ದಕ್ಕೆ ನೀನು ಉತ್ರ ಹೇಳ್ಲಿಲ್ಲ. ಇಲ್ಲಿ ನಿನ್ನೋರು ಯಾರವ್ರೆ?"

ಇನ್ನಾಸಪ್ಪ ಚಪ್ಪಲಿ ಬಿಟ್ಟು ಹತ್ತಿರ ಬಂದ.

"ನಮ್ಮಕ್ಕ ಅವ್ಳೆ ಕಣವ್ವ."